ಅಟ್ಟದ ಮೇಲಿನ ಟಿಪ್ಪು

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಒಂದು ರಿಲೀಸು, ಅದರ ಬೆನ್ನಿಗೆ ಇನ್ನೊಂದು ರಿಲೀಸು... ಎಲ್ಲರ ಮನೆ ದೋಸೇನೂ ತೂತೇ, ಬಿಡಿ. ಈ ಸಲ ಬರೆಯಲೇಬೇಕು ಅನ್ನಿಸಿದ್ದು ನಮ್ಮ ದೊಡ್ಡಪ್ಪನ ಮನೆ ಅಟ್ಟದಿಂದ ಇಳಿದ ಒಂದು ತುಕ್ಕು ಹಿಡಿದ ಬಂದೂಕಿನ ಬಗ್ಗೆ. ಆದರೆ ಅದಕ್ಕೂ ಮುಂಚೆ ಒಂದು ಅಮೆರಿಕನ್ ಹೆಲ್ಮೆಟ್ಟಿನ ಕತೆ ಹೇಳಬೇಕು. ಅದಿಲ್ಲದೆ ಇದು ಅರ್ಥವಾಗೋದಿಲ್ಲ. ಸ್ವಲ್ಪ ಕೊರೀತೀನಿ, ಸಹಿಸಿಕೊಳ್ಳಿ :)

ನಾನು ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡಿಗೆ ಮಾಡೋದು ಜಾವಾ. ಆನ್‌ಸೈಟ್ ಅಂತ ಒಂದೂವರೆ ವರ್ಷ ಡೆಟ್ರಾಯಿಟ್ ಹತ್ತಿರ ಇದ್ದೆ. ನಮ್ಮ ಟೀಮಿನಲ್ಲಿ ರಿಟೈರ್ ಆಗೋಕೆ ಎರಡು ವರ್ಷ ಬಾಕಿ ಇದ್ದ ಒಬ್ಬ ಹಿರಿಯರಿದ್ದರು. ಅವರಿಗೆ ಹಳೇ ಮಿಲಿಟರಿ ಹೆಲ್ಮೆಟ್ಟುಗಳ ಹುಚ್ಚು. ಭಾನುವಾರ ಸಂತೆಗೆ ನನ್ನನ್ನೂ ಕರೆದುಕೊಂಡು ಹೋಗೋರು. ಸಂತೆ ಅಂದರೆ ನಮ್ಮ ಗುಜರಿ ಬಜಾರೇ, ಕಾರು ನಿಲ್ಲಿಸೋಕೆ ಜಾಗ ಇರುತ್ತೆ ಅನ್ನೋದಷ್ಟೇ ವ್ಯತ್ಯಾಸ. ಅಲ್ಲಿ ಸಾಲಾಗಿ ಹಸಿರು ಬಣ್ಣದ ಕಬ್ಬಿಣದ ಟೋಪಿಗಳು. ಎಲ್ಲದರ ಮೇಲೂ 'ಎರಡನೇ ಮಹಾಯುದ್ಧದ ಅಸಲಿ ಅಮೆರಿಕನ್' ಅನ್ನೋ ಚೀಟಿ. ಇವರು ಒಂದೊಂದನ್ನೇ ಎತ್ತಿ, ಮಗುಚಿ, ಅಂಚಿನ ಮೇಲೆ ಉಗುರು ಓಡಿಸಿ, "ಇದು ಬೆಲ್ಜಿಯಂ", "ಇದು ಡಚ್ಚರದ್ದು" ಅಂತ ಕೆಳಗಿಡೋರು. ಕಲ್ಲಂಗಡಿ ಹಣ್ಣು ತಟ್ಟಿ ನೋಡ್ತಾರಲ್ಲ, ಹಾಗೆ.

ವಿಷಯ ಇಷ್ಟು. ಅಮೆರಿಕದ ಸೈನ್ಯ 1941ರಲ್ಲಿ ಎಂ-1 ಅನ್ನೋ ಹೆಲ್ಮೆಟ್ ತಂತು. ಮೊದಲು ಮಾಡಿದ್ದು ಡೆಟ್ರಾಯಿಟ್‌ನ ಮೆಕ್‌ಕಾರ್ಡ್ ರೇಡಿಯೇಟರ್ ಕಂಪನಿ. ಆಮೇಲೆ ಸೇಂಟ್ ಲೂಯಿಸ್‌ನ ಶ್ಲೂಟರ್ ಕಂಪನಿಯೂ ಸೇರಿಕೊಂಡಿತು. ಯುದ್ಧ ಮುಗಿಯೋದರೊಳಗೆ ಎರಡು ಕೋಟಿಗೂ ಹೆಚ್ಚು ತಯಾರಾದವು. ಯುದ್ಧವಾದ ಮೇಲೆ ಬೆಲ್ಜಿಯಂ, ಫ್ರಾನ್ಸ್, ನೆದರ್ಲೆಂಡ್ಸ್, ಡೆನ್ಮಾರ್ಕ್, ಪಶ್ಚಿಮ ಜರ್ಮನಿ, ಆಸ್ಟ್ರಿಯಾ ಎಲ್ಲ ಅದೇ ಅಚ್ಚಿನ ಟೋಪಿಗಳನ್ನ ತಮ್ಮ ತಮ್ಮ ಸೈನ್ಯಕ್ಕೆ ಮಾಡಿಕೊಂಡವು. ದೂರದಿಂದ ನೋಡಿದರೆ ಒಂದೇ ಥರ. ಹತ್ತಿರ ಹೋದರೆ ಕತೆ ಬೇರೆ.

ಎಂ-1ರ ಅಂಚಿಗೆ ಸುತ್ತಲೂ ಒಂದು ಲೋಹದ ಪಟ್ಟಿ ಸುತ್ತಿರುತ್ತಾರೆ. ಆ ಪಟ್ಟಿಯ ಎರಡು ತುದಿ ಸೇರುವ ಜಾಗ ಮೊದಮೊದಲು ಹಣೆಯ ಕಡೆ ಇತ್ತು. 1944ರ ಕೊನೆಗೆ ಅದನ್ನ ಹಿಂದಕ್ಕೆ ತಂದರು. ಗಲ್ಲದ ಪಟ್ಟಿ ಸಿಕ್ಕಿಸೋ ಕೊಂಡಿ ಮೊದಲು ಅಲುಗಾಡದ ಹಾಗೆ ಬೆಸೆದಿರುತ್ತಿತ್ತು, ಕೆಳಗೆ ಬಿದ್ದರೆ ಮುರಿಯುತ್ತೆ ಅಂತ 1943ರಲ್ಲಿ ಅದನ್ನ ಮಡಚುವ ಹಾಗೆ ಮಾಡಿದರು. ಯೂರೋಪಿನವರು ಕಾಪಿ ಮಾಡೋ ಹೊತ್ತಿಗೆ ಅವರ ಮೇಜಿನ ಮೇಲಿದ್ದದ್ದು ಈ ತಿದ್ದಿದ ಮಾದರಿ. ಹಾಗಾಗಿ ಕಾಪಿಗಳಲ್ಲೂ ಜೋಡಣೆ ಹಿಂದೆ, ಕೊಂಡಿ ಮಡಚುವಂಥದ್ದು. ಜೊತೆಗೆ ಒಳಗಡೆ ಅವರವರ ಮುದ್ರೆ: ಬೆಲ್ಜಿಯಂನವರದ್ದಾದರೆ ಫ್ರೆಂಚ್, ಡಚ್ ಎರಡೂ ಭಾಷೆಗೆ ಹೊಂದೋ ಹಾಗೆ 'ಎ-ಬಿ-ಎಲ್' ಅಂತ. ಅಮೆರಿಕದ್ದಾದರೆ ಒಳಗೆ ಮುಂಭಾಗದಲ್ಲಿ ಉಕ್ಕಿನ ಬ್ಯಾಚ್ ನಂಬರು. "ಕಾಪಿ ಮಾಡುವವನು ತನ್ನ ಎದುರಿಗಿದ್ದ ವರ್ಷನ್ನನ್ನ ಮಾತ್ರ ಕಾಪಿ ಮಾಡ್ತಾನೆ. ಅವನಿಗೆ ಮುಖ್ಯ ಅನ್ನಿಸದ ಜಾಗದಲ್ಲಿ ಅವನ ಕೈ ಕಾಣುತ್ತೆ" ಅಂತ ಅವರು ಹೇಳಿದ್ದು ನನ್ನ ತಲೇಲಿ ಕೂತುಬಿಡ್ತು. ಕೋಡಿನಲ್ಲೂ ಹಾಗೇ ಅಲ್ಲವಾ? ಬೇರೆಯವರ ಕೋಡು ಎತ್ತಿಕೊಂಡವನು ಅದರಲ್ಲಿದ್ದ ಸ್ಪೆಲ್ಲಿಂಗ್ ತಪ್ಪನ್ನೂ ಎತ್ತಿಕೊಂಡಿರ್ತಾನೆ.

ಈಗ ನಮ್ಮೂರಿಗೆ ಬರೋಣ.

ನಮ್ಮ ಮೂಲ ಮನೆ ಇರೋದು ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿ. ಈ ಯುಗಾದಿಗೆ ಹೋದಾಗ ಮನೆ ಕೆಡವೋ ಮಾತು ನಡೀತಿತ್ತು. ಅಟ್ಟದ ಸಾಮಾನೆಲ್ಲ ಇಳಿಸಿದ್ದರು. ಒನಕೆ, ಕೊಳಗ, ಬಾಯಿ ಒಡೆದ ಹಗೇವಿನ ಮುಚ್ಚಳ, ಅದರ ಜೊತೆ ಗೋಣಿತಾಟಿನಲ್ಲಿ ಸುತ್ತಿದ ಒಂದು ಬಂದೂಕಿನ ನಳಿಗೆ. "ನಮ್ ತಾತನ್ ತಾತ ಟಿಪ್ಪೂ ತಾವ ಕಂದಾಚಾರದಲ್ಲಿದ್ನಂತೆ ಕನ್ಲಾ, ಅವ್ನ್ ಕೋವಿ ಇದು" ಅಂತ ದೊಡ್ಡಪ್ಪ. ಕಂದಾಚಾರ ಅಂದರೆ ಗೊತ್ತಲ್ಲ, ಹಳೇ ಮೈಸೂರಿನ ಊರು ಕಾಯೋ ಕಾಲಾಳು ಪಡೆ. ಮರದ ಹಿಡಿ ಗೆದ್ದಲು ತಿಂದು ಯಾವತ್ತೋ ಹೋಗಿತ್ತು. ಲಾಕ್ ಎಲ್ಲಿ, ಅಂದರೆ ಆ ಕಿಡಿ ಹಾರಿಸೋ ಯಂತ್ರ ಎಲ್ಲಿ ಅಂತ ಕೇಳಿದೆ. ಅಜ್ಜನ ಕಾಲದಲ್ಲಿ ಪಾಲಾದಾಗ ಅದು ಕೆ.ಆರ್.ಪೇಟೆ ಅತ್ತೆ ಮನೆಗೆ ಹೋಯ್ತಂತೆ. ನಗಬೇಡಿ, ನಮ್ಮ ಕಡೆ ಪಾಲು ಅಂದರೆ ಪಾಲು. ಒರಳು ಒಬ್ಬರಿಗೆ, ಗುಂಡುಕಲ್ಲು ಒಬ್ಬರಿಗೆ.

ನಗು ಬರದ ಸಂಗತಿ ಏನಂದರೆ, ಬೆಂಗಳೂರಿನಿಂದ ಯಾರೋ ಒಬ್ಬ ಹಳೇ ಸಾಮಾನು ಕೊಳ್ಳುವವನು ಆಗಲೇ ಎರಡು ಸಲ ಬಂದು ಹೋಗಿದ್ದ. ಹಾಗೇ ಕೊಟ್ಟರೆ ಮೂವತ್ತು ಸಾವಿರ, ಟಿಪ್ಪೂದೇ ಅಂತ ಆದರೆ ಹತ್ತು ಲಕ್ಷಕ್ಕೆ ಮೋಸ ಇಲ್ಲ ಅಂದಿದ್ದನಂತೆ. ನಮ್ಮ ಚಿಕ್ಕಪ್ಪ ಎರಡು ವರ್ಷದಲ್ಲಿ ಮೂರು ಬೋರ್ ಕೊರೆಸಿ ಮೂರೂ ಫೇಲಾಗಿ ಕೂತಿದ್ದಾರೆ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ನಾಲೆ ನೀರು ಹರಿಯೋದನ್ನ ಬಸ್ಸಿನ ಕಿಟಕಿಯಿಂದ ನೋಡಿದಾಗೆಲ್ಲ ಅವರು ಮಾತು ನಿಲ್ಲಿಸಿಬಿಡ್ತಾರೆ. ಸೊಸೈಟಿ ಸಾಲ ಒಂದು ಕಡೆ, ಕೈಸಾಲ ಇನ್ನೊಂದು ಕಡೆ. ಹತ್ತು ಲಕ್ಷ ಅನ್ನೋ ಮಾತು ಅವರ ಕಿವಿಗೆ ಬಿದ್ದ ಮೇಲೆ ಬಂದೂಕು ಬರೀ ಬಂದೂಕಾಗಿ ಉಳಿಯಲಿಲ್ಲ. "ಇಂಜಿನಿಯರು ಮಗ ಅವ್ನೆ, ಅವ್ನೇ ನೋಡಿ ಯೋಳ್ಲಿ" ಅಂತ ನನ್ನ ತಲೆಗೆ ಕಟ್ಟಿದರು.

ಆ ವ್ಯಾಪಾರಿಯ ಲೆಕ್ಕಕ್ಕೂ ಕಾರಣ ಇದೆ. ರಾಬಿನ್ ವಿಗಿಂಗ್ಟನ್ ಅಂತ ಒಬ್ಬ ಇಂಗ್ಲಿಷ್ ಸಂಗ್ರಾಹಕರು ಟಿಪ್ಪುವಿನ ಬಂದೂಕುಗಳ ಮೇಲೇ 1992ರಲ್ಲಿ ಒಂದು ಪುಸ್ತಕ ಬರೆದರು. ಅವರ ಸಂಗ್ರಹ 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಾನಮ್ಸ್‌ನಲ್ಲಿ ಹರಾಜಾದಾಗ ಬರೀ 30 ಲಾಟಿಗೆ 60 ಲಕ್ಷ ಪೌಂಡ್ ದಾಟಿತು. 2023ರ ಮೇ ತಿಂಗಳಲ್ಲಿ ಅಲ್ಲೇ ಟಿಪ್ಪುವಿನ ಒಂದೇ ಒಂದು ಕತ್ತಿ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. ಇಂಥ ಸುದ್ದಿ ಪೇಪರಲ್ಲಿ ಬಂದ ಮೇಲೆ ಮಂಡ್ಯ ಜಿಲ್ಲೆಯಲ್ಲಿ ತುಕ್ಕು ಹಿಡಿದದ್ದೆಲ್ಲ ಟಿಪ್ಪೂದೇ!

ಮೊದಲು ಟಿಪ್ಪುವಿನ ಬಂದೂಕು ಅಂದರೆ ಏನು ಅಂತ ತಿಳಕೊಳ್ಳಬೇಕಿತ್ತು. ಒಂದು ಶನಿವಾರ ಶ್ರೀರಂಗಪಟ್ಟಣಕ್ಕೆ ಹೋದೆ. ದರಿಯಾ ದೌಲತ್‌ನ ಗೋಡೆ ಮೇಲೆ ಪೊಳ್ಳಿಲೂರು ಯುದ್ಧದ ಚಿತ್ರ ಇದೆಯಲ್ಲ, 1780ರದ್ದು, ಅದನ್ನ ಸ್ಕೂಲ್ ಟ್ರಿಪ್ಪಿನಲ್ಲಿ ನೋಡಿದಾಗ ಆನೆ ಕುದುರೆ ಮಾತ್ರ ಕಂಡಿತ್ತು. ಈ ಸಲ ಬಂದೂಕು ಹಿಡಿದವರನ್ನ ನೋಡಿದೆ. ಹೈದರನ ಕಡೆ ಇದ್ದ ಲಾಲಿ ಎಂಬ ಫ್ರೆಂಚ್ ಅಧಿಕಾರಿಯ ದಂಡೂ ಅದರಲ್ಲಿದೆ. ಹಾಗೆ ಹೈದರ್, ಟಿಪ್ಪು ಇಬ್ಬರ ಬಳಿಯೂ ಚಾಕರಿಗಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟ ಜಾಗಕ್ಕೇ ಇಂಗ್ಲಿಷರು ಫ್ರೆಂಚ್ ರಾಕ್ಸ್ ಅಂತ ಹೆಸರಿಟ್ಟರು. ನಮ್ಮವರ ಬಾಯಲ್ಲಿ ಹಿರೋಡೆ, ಈಗಿನ ಪಾಂಡವಪುರ. ಕುಂತಿಬೆಟ್ಟದ ಬುಡದಲ್ಲಿ ಕೂತು ಕಡಲೆಕಾಯಿ ತಿನ್ನೋವಾಗ ಅಲ್ಲೇ ಫ್ರೆಂಚರ ಬಂದೂಕುಗಳು ಸಾಲಾಗಿ ಒರಗಿಸಿಟ್ಟಿದ್ದವು ಅಂತ ನೆನೆಸಿಕೊಂಡರೆ ಒಂಥರಾ ಆಗುತ್ತೆ.

ಫ್ರೆಂಚರಿಂದ ಬಂದೂಕು ಕೊಂಡರೆ ಸಾಲದು, ಮಾಡೋದನ್ನ ಕಲೀಬೇಕು ಅನ್ನೋದು ಟಿಪ್ಪುವಿನ ಹಟ. 1787ರಲ್ಲಿ ಹದಿನಾರನೇ ಲೂಯಿಯ ಆಸ್ಥಾನಕ್ಕೆ ಮೂವರು ರಾಯಭಾರಿಗಳನ್ನ ಕಳಿಸಿದಾಗ ಸೈನ್ಯದ ಜೊತೆಗೆ ಕುಶಲಕರ್ಮಿಗಳನ್ನೂ ಕೊಡಿ ಅಂತ ಕೇಳಿದ್ದ. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರ, ಈ ನಾಲ್ಕು ಕಡೆ ತಾರಾಮಂಡಲಪೇಟೆ ಅಂತ ಕಾರ್ಖಾನೆಗಳ ಕೇರಿಯೇ ಇತ್ತು. 1800ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಫ್ರಾನ್ಸಿಸ್ ಬುಕಾನನ್ ಒಂದು ಮಜಾ ಸಂಗತಿ ಬರೆದಿದ್ದಾನೆ. ಫ್ರೆಂಚನೊಬ್ಬ ಫಿರಂಗಿ ಕೊರೆಯೋಕೆ ನೀರಿನಿಂದ ತಿರುಗೋ ಯಂತ್ರ ಮಾಡಿಕೊಟ್ಟನಂತೆ, ಸುಲ್ತಾನ ಆ ನೀರಿನ ಚಕ್ರ ತೆಗೆಸಿ ಎತ್ತು ಕಟ್ಟಿಸಿದನಂತೆ. ಸುಲ್ತಾನನಿಗೆ ಯಂತ್ರದ ಬೆಲೆ ಗೊತ್ತಿರಲಿಲ್ಲ ಅನ್ನೋದು ಬುಕಾನನ್ ತೀರ್ಪು. ಅವನು ಕಂಪನಿ ಸರ್ಕಾರದ ಸಂಬಳದವನು ಅನ್ನೋದು ನೆನಪಿರಲಿ. ಬೇಸಿಗೇಲಿ ಕಾವೇರಿ ಎಷ್ಟು ಸೊರಗುತ್ತೆ ಅಂತ ನೋಡಿದವರು ಯಾರಾದರೂ ಎತ್ತನ್ನೇ ಕಟ್ಟುತ್ತಿದ್ದರು ಅಂತ ನನಗನ್ನಿಸುತ್ತೆ. ಅದು ನನ್ನ ವಾದ ಅಷ್ಟೇ.

1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಇಂಗ್ಲಿಷರು ಲೆಕ್ಕ ಹಾಕಿದಾಗ ಸಿಕ್ಕಿದ್ದು 929 ಫಿರಂಗಿ, ಸುಮಾರು 99 ಸಾವಿರ ಬಂದೂಕು. ಇಷ್ಟು ಬಂದೂಕಿನಲ್ಲಿ ಫ್ರೆಂಚರದ್ದೂ ಇತ್ತು, ಇಂಗ್ಲಿಷರಿಂದ ಕಿತ್ತುಕೊಂಡದ್ದೂ ಇತ್ತು, ಇಲ್ಲೇ ಮಾಡಿದ್ದೂ ಇತ್ತು. ಪೇಟೆ ಬದಿಯಲ್ಲಿ ಒಂದು ಶಸ್ತ್ರಾಗಾರ ಇದೆ. ಮೈಸೂರು ಬೆಂಗಳೂರು ಜೋಡಿ ಹಳಿಗೆ ಅಡ್ಡ ಬಂತು ಅಂತ 2017ರಲ್ಲಿ ಅದನ್ನ ಇಟ್ಟಿಗೆ ಕದಲದ ಹಾಗೆ ಇಡಿಯಾಗಿ ಎತ್ತಿ ನೂರು ಮೀಟರಿಗೂ ದೂರ ಸರಿಸಿದರು, ಅಮೆರಿಕದ ಕಂಪನಿಯೊಂದರ ನೆರವಿನಿಂದ. ಕಟ್ಟಡವನ್ನೇ ಹೊತ್ತುಕೊಂಡು ಹೋದರು, ಒಳಗಿದ್ದ ಬಂದೂಕು ಮಾಡಿದವರ ಹೆಸರು ಮಾತ್ರ ಯಾರಿಗೂ ಬೇಡ.

ಈಗ ಗುರುತಿನ ವಿಷಯ. ಸುಲ್ತಾನನ ಸ್ವಂತ ಬಳಕೆಗೆ ಮಾಡಿದ ಬಂದೂಕುಗಳನ್ನ ಗುರುತಿಸೋದು ಸುಲಭ. ಕಲ್ಲು ಕಚ್ಚಿ ಹಿಡಿಯೋ ಸುತ್ತಿಗೆ ಹುಲಿಯ ತಲೆ ಆಗಿರುತ್ತೆ. ನಳಿಗೆ ಮೇಲೆ ಬಬ್ರಿ ಅನ್ನೋ ಹುಲಿಪಟ್ಟೆ. ಪರ್ಷಿಯನ್ ಅಕ್ಷರದಲ್ಲಿ ಮಾಡಿದವನ ಹೆಸರು, ಊರು, ಇಸವಿ. ಆ ಇಸವಿಯಲ್ಲೊಂದು ಚಮತ್ಕಾರ ಇದೆ. ಟಿಪ್ಪು ಹಿಜರಿ ಬಿಟ್ಟು ಮೌಲೂದಿ ಅನ್ನೋ ತನ್ನದೇ ಶಕೆ ತಂದ, ಅದರ ಅಂಕಿಗಳನ್ನ ಬಲದಿಂದ ಎಡಕ್ಕೆ ಬರೆಸಿದ. ಅಂದರೆ ಮೌಲೂದಿ 1224, ನಮ್ಮ ಲೆಕ್ಕದಲ್ಲಿ ಸುಮಾರು 1796, ಬರೆದಿರೋದು 4221 ಅನ್ನೋ ಹಾಗೆ ಕಾಣುತ್ತೆ. ಅವನ ನಾಣ್ಯಗಳಲ್ಲೂ ಹೀಗೇ. ಯಾರಾದರೂ ಟಿಪ್ಪುವಿನ ಬಂದೂಕು ಅಂತ ತೋರಿಸಿ, ಅದರ ಮೇಲಿನ 1224 ಎಡದಿಂದ ಬಲಕ್ಕೆ ಓದೋ ಹಾಗಿದ್ದರೆ ಒಂದು ನಮಸ್ಕಾರ ಹಾಕಿ ಎದ್ದು ಬನ್ನಿ.

ಸಾಮಾನ್ಯ ಸಿಪಾಯಿಯ ಬಂದೂಕು ಬಂದಾಗ ಮಾತ್ರ ಹೆಲ್ಮೆಟ್ ಅಜ್ಜನ ವಿದ್ಯೆ ಬೇಕಾಗುತ್ತೆ. ಆ ಕಾಲದ ಫ್ರೆಂಚ್ ಮಸ್ಕೆಟ್ಟಿನಲ್ಲಿ ನಳಿಗೆಯನ್ನ ಮರಕ್ಕೆ ಮೂರು ಕಬ್ಬಿಣದ ಬಳೆ ತೊಡಿಸಿ ಕೂಡಿಸಿರುತ್ತಾರೆ. ಇಂಗ್ಲಿಷರದ್ದರಲ್ಲಿ ಬಳೆ ಇಲ್ಲ, ಮರದ ಒಳಗಿಂದ ಅಡ್ಡಕ್ಕೆ ತೂರಿಸಿದ ಸಣ್ಣ ಪಿನ್ನುಗಳು. ಫ್ರೆಂಚ್ ನಳಿಗೆಯ ಬಾಯಿ ಸುಮಾರು 17.5 ಮಿಲಿಮೀಟರ್, ಇಂಗ್ಲಿಷರದ್ದು ಸುಮಾರು 19. ಫ್ರೆಂಚ್ ಲಾಕಿನ ಮೇಲೆ ಶಾರ್ಲ್‌ವಿಲ್, ಸೇಂಟ್ ಎಟಿಯೆನ್, ಮೊಬೂಜ್ ಅಂತ ಸರ್ಕಾರಿ ಕಾರ್ಖಾನೆಯ ಹೆಸರು. ಈಸ್ಟ್ ಇಂಡಿಯಾ ಕಂಪನಿಯದ್ದಾದರೆ ಒಂದು ಹೃದಯದ ಆಕಾರ, ಅದರೊಳಗೆ ವಿ-ಇ-ಐ-ಸಿ ಅಕ್ಷರಗಳು, ತಲೆ ಮೇಲೆ ನಾಲ್ಕರ ಅಂಕಿಯಂಥ ಗುರುತು. ಸುಮಾರು 1808ರಿಂದ ಹೃದಯ ಹೋಗಿ ಎದ್ದು ನಿಂತ ಸಿಂಹ ಬಂತು.

ಅಂದಹಾಗೆ ಆ ಫ್ರೆಂಚ್ ಬಂದೂಕನ್ನ ಕಾಪಿ ಮಾಡಿದವರಲ್ಲಿ ನಮ್ಮವರೇ ಒಬ್ಬರಲ್ಲ. ಅಮೆರಿಕ ಸ್ವಾತಂತ್ರ್ಯ ಯುದ್ಧ ಮಾಡಿದ್ದೇ ಫ್ರೆಂಚರು ಕೊಟ್ಟ ಬಂದೂಕು ಹಿಡಿದು. ಆಮೇಲೆ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯಲ್ಲಿ ತಯಾರಾದ ಅವರ ಮೊದಲ ಸರ್ಕಾರಿ ಬಂದೂಕು, 1795ರ ಮಾದರಿ, ಅದೇ ಶಾರ್ಲ್‌ವಿಲ್ ಬಂದೂಕಿನ ಕಾಪಿ. ಶ್ರೀರಂಗಪಟ್ಟಣದ ಕುಲುಮೆಗಳು ಉರೀತಿದ್ದದ್ದೂ ಅದೇ ದಶಕದಲ್ಲಿ. ಒಂದೂವರೆ ಶತಮಾನ ಆದ ಮೇಲೆ, 1951ರ ಮಾದರಿಯಲ್ಲಿ, ಫ್ರೆಂಚರು ಅಮೆರಿಕದ ಹೆಲ್ಮೆಟ್ ಕಾಪಿ ಮಾಡಿ ಋಣ ತೀರಿಸಿಕೊಂಡರು :) ಇಂಗ್ಲಿಷರೂ ಕಮ್ಮಿ ಇಲ್ಲ. ನಮ್ಮ ರಾಕೆಟ್ಟುಗಳನ್ನ ನೋಡಿಕೊಂಡೇ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ್ದು. 2018ರಲ್ಲಿ ಹೊಸನಗರದ ಹತ್ತಿರ ನಗರದ ಒಂದು ಹಾಳು ಬಾವಿಯಲ್ಲಿ ಸಾವಿರದಷ್ಟು ಸಿಕ್ಕವಲ್ಲ, ಅದೇ ಜಾತಿ. ಅಮೆರಿಕದವನು ಕಾಪಿ ಮಾಡಿದರೆ 'ಮಾಡೆಲ್ 1795', ನಮ್ಮವನು ಮಾಡಿದರೆ 'ದೇಶೀ ನಕಲು'. ಇದನ್ನ ಯೋಚಿಸಿ ಆ ದಿನ ಬಸ್ಸಿನಲ್ಲಿ ಸ್ವಲ್ಪ ಉರಿದುಕೊಂಡೆ. ನಾವು ಬರೆದ ಮಾಡ್ಯೂಲ್ ಕ್ಲೈಂಟಿಗೆ ಒಪ್ಪಿಸುವಾಗ ಫೈಲಿನ ತಲೆಯಲ್ಲಿರೋ ಬರೆದವರ ಹೆಸರನ್ನ ಅಳಿಸಿ ಕೊಡಬೇಕು ಅನ್ನೋದು ನಮ್ಮ ಪ್ರಾಜೆಕ್ಟಿನ ನಿಯಮ. ಹೋಗಲಿ ಬಿಡಿ, ಅದು ಬೇರೆ ಪೋಸ್ಟು.

ಕೆ.ಆರ್.ಪೇಟೆಗೆ ಹೋಗಿ ಲಾಕ್ ತರೋದು ಶ್ರೀರಂಗಪಟ್ಟಣದಷ್ಟು ಸಲೀಸಾಗಿರಲಿಲ್ಲ. ಅತ್ತೆ ಅದನ್ನ ದೇವರ ಗೂಡಿನ ಕೆಳಗೆ ಇಟ್ಟುಕೊಂಡಿದ್ದಾರೆ. ವರ್ಷಕ್ಕೊಂದು ಸಲ ಆಯುಧಪೂಜೆಗೆ ಕುಂಕುಮ. "ನಮ್ಮಪ್ಪ ಕೊಟ್ಟಿರದು. ನೋಡ್ಕೊಂಡು ವಾಪಸ್ ತಂದ್ಕೊಡು, ಮಾರಗೀರಾ ಅಂದ್ರೆ ನಿಮ್ ದೊಡ್ಡಪ್ಪಂಗೆ ನಾನೇ ಬತ್ತೀನಿ ಅಂತ ಯೋಳು" ಅಂತ ಕರಾರು ಹಾಕಿ, ಸೀರೆ ಕವರಿನಲ್ಲಿ ಸುತ್ತಿ ಕೊಟ್ಟರು. ಬಸ್ಸಿನಲ್ಲೇ ಬಿಚ್ಚಿ ನೋಡಿದೆ. ಕುಂಕುಮ ಒರೆಸಿದರೆ ಮಸುಕಾಗಿ ಒಂದು ಹೃದಯ! ಅದರ ಪಕ್ಕ ಇಸವಿಯ ಮೊದಲ ಮೂರು ಅಂಕಿ, 179. ಕೊನೆಯದು ಸವೆದುಹೋಗಿತ್ತು. ಅಂದರೆ ಟಿಪ್ಪುವಿನ ವಿರುದ್ಧ ಬಂದ ಕಂಪನಿಯ ಲಾಕು.

ನಳಿಗೆ ಮಾತ್ರ ಬೇರೆಯದೇ ಹೇಳುತ್ತಿತ್ತು. ವರ್ನಿಯರ್ ಹಾಕಿದೆ (ಡಿಗ್ರಿ ಮುಗಿದ ಮೇಲೆ ಮೊದಲ ಸಲ ಅದನ್ನ ಕೈಯಲ್ಲಿ ಹಿಡಿದದ್ದು). ಬಾಯಿ ಸವೆದ ಅಂಚು ಬಿಟ್ಟು ಅಳೆದರೆ 17.7. ಬೇಟೆಗೆ ಅಂತ ಯಾರೋ ಮುಂದಿನ ತುದಿ ಕತ್ತರಿಸಿದ್ದರು, ಹಾಗಾಗಿ ಉದ್ದ ಅಳೆದು ಪ್ರಯೋಜನ ಇಲ್ಲ. ಎರಡು ಬಳೆ ಇನ್ನೂ ಉಳಿದಿದ್ದವು. ಫ್ರೆಂಚ್ ರೀತಿಯದ್ದು, ಆದರೆ ಫ್ರೆಂಚ್ ಮುದ್ರೆ ಒಂದೂ ಇಲ್ಲ. ಹುಲಿಪಟ್ಟೆ ಇಲ್ಲ. ಪರ್ಷಿಯನ್ ಅಕ್ಷರ ಇಲ್ಲ.

ನಾಗಮಂಗಲ ಹಿಂದಿನಿಂದಲೂ ಲೋಹದ ಕೆಲಸಕ್ಕೆ ಹೆಸರಾದ ಊರು. ಹಿತ್ತಾಳೆ, ಕಂಚು, ದೇವರ ವಿಗ್ರಹ. ಅಲ್ಲಿ ದೊಡ್ಡಪ್ಪನಿಗೆ ಗೊತ್ತಿದ್ದ ಆಚಾರ್ರೊಬ್ಬರ ಬಳಿ ಎರಡನ್ನೂ ಒಯ್ದೆವು. ಅವರು ಲಾಕನ್ನ ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಒಂದೊಂದೇ ತಿರುಪು ಬಿಚ್ಚಿದರು. ತಿರುಪುಗಳನ್ನ ತಟ್ಟೆ ಮೇಲೆ ಬಿಚ್ಚಿದ ವರಸೆಯಲ್ಲೇ ಇಟ್ಟರು. ಯಾಕೆ ಅಂದೆ. "ಇವು ಮಿಶನ್ ತಿರುಪಲ್ಲ ಸಾರ್. ಒಂದೊಂದಕ್ಕೂ ಅದರದೇ ತೂತು. ಇದರದ್ದು ಅದಕ್ಕೆ ಕೂರಾಕಿಲ್ಲ" ಅಂದರು. ಆಮೇಲೆ ಭೂತಗನ್ನಡಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲೇನೋ ಬರ್ದವ್ರೆ ನೋಡಿ" ಅಂದರು.

ಲಾಕ್ ತಗಡಿನ ಒಳಮೈಯಲ್ಲಿ ಚಾಣದಿಂದ ಕೆತ್ತಿದ ಒಂದು ೭. ಕನ್ನಡದ ಏಳು. ಸ್ಪ್ರಿಂಗಿನ ಮೇಲೆ ೭. ನಳಿಗೆ ಮಗುಚಿ ತುಕ್ಕು ಒರೆಸಿದರೆ, ಮರದೊಳಗೆ ಹೂತು ಯಾರಿಗೂ ಕಾಣದ ಕಡೆ ಅದೇ ಕೈಯ ಅದೇ ೭. ಎರಡೂ ಬಳೆಯ ಒಳಗೂ ೭.

ಅಂದರೆ ಯಾರೋ ಒಬ್ಬ ಇಂಗ್ಲಿಷರ ಲಾಕನ್ನ, ಫ್ರೆಂಚ್ ನಮೂನೆಯ ನಳಿಗೆಯನ್ನ ಕೂಡಿಸಿ ಒಂದು ಬಂದೂಕು ಮಾಡಿದ್ದಾನೆ. ಇದರದ್ದು ಇನ್ನೊಂದಕ್ಕೆ ಕೂರೋದಿಲ್ಲ ಅಂತ ಗೊತ್ತಿದ್ದಕ್ಕೇ ಎಲ್ಲ ಭಾಗಕ್ಕೂ ನಂಬರ್ ಹಾಕಿದ್ದಾನೆ, ಮುಂದೆ ಬಿಚ್ಚುವವನಿಗೆ ಅನುಕೂಲವಾಗಲಿ ಅಂತ. ಹೊರಗಿನ ಸುತ್ತಿಗೆ ಮೇಲೆ ಮಾತ್ರ ನಂಬರ್ ಇಲ್ಲ. ಅದು ಚಕಮಕಿ ಕಲ್ಲು ಹಿಡಿಯೋದಲ್ಲ, ಕೇಪು ಹೊಡೆಯೋ ಸುತ್ತಿಗೆ. ಕೇಪಿನ ಬಂದೂಕು ಈ ದೇಶದ ದಂಡಿಗೆ ಬಂದದ್ದೇ 1840ರ ದಶಕದಲ್ಲಿ. ಹಾಗಾದರೆ ೭ ಹಾಕಿದವನು ಅದಕ್ಕಿಂತ ಹಿಂದಿನವನು, 179ರ ಲಾಕಿಗಿಂತ ಈಚಿನವನು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಮೂರು ಕಮಿಟ್, ಮೂರು ಬೇರೆ ಬೇರೆ ಆಥರ್. ನನ್ನ ಊಹೆ ಕೇಳಿದರೆ, 1799 ಆದ ಮೇಲೆ, ಪೂರ್ಣಯ್ಯನವರ ಕಾಲದಲ್ಲೋ ಅದರ ಆಸುಪಾಸಿನಲ್ಲೋ, ಯಾವುದೋ ಕಂದಾಚಾರದ ಠಾಣೆಗೆ ಅಂತ ಅಳಿದುಳಿದದ್ದನ್ನ ಕೂಡಿಸಿ ಕೊಟ್ಟ ಬಂದೂಕು ಇದು. ನಮ್ಮ ತಾತನ ತಾತ ಕಂದಾಚಾರದಲ್ಲಿದ್ದ ಅನ್ನೋ ಅರ್ಧ ಮಾತು ಹಾಗಾದರೆ ಉಳಿಯಬಹುದು. ಟಿಪ್ಪು ಅನ್ನೋ ಇನ್ನರ್ಧ ಉಳಿಯೋದಿಲ್ಲ.

ಇದನ್ನ ಮನೆಯಲ್ಲಿ ಹೇಳೋದು ಕಷ್ಟವಾಯ್ತು. ಚಿಕ್ಕಪ್ಪ ಏನೂ ಮಾತಾಡಲಿಲ್ಲ. ಎಲೆ ಅಡಿಕೆ ಹಾಕಿಕೊಂಡು ಜಗಲಿಗೆ ಎದ್ದು ಹೋದರು. ಅದಕ್ಕಿಂತ ಕಷ್ಟವಾದದ್ದು ಮಾರನೇ ವಾರ ಆ ವ್ಯಾಪಾರಿ ಬಂದು ಹೇಳಿದ ಮಾತು. ನಾನು ಎಲ್ಲ ವಿವರಿಸಿದೆ. ಅವನಿಗೆ ಬೇಜಾರೇ ಆಗಲಿಲ್ಲ. "ನಳಿಗೆ ಹಳೇದೇ ತಾನೆ ಸಾರ್? ಕಬ್ಬಿಣ ಅಸಲಿ ಇದ್ದರೆ ಸಾಕು. ಹುಲಿಪಟ್ಟೆ, ಅಕ್ಷರ ಎಲ್ಲ ಹಾಕಿಸಿಕೊಳ್ಳೋಕೆ ನಮ್ಮ ಹುಡುಗರಿದ್ದಾರೆ. ನಿಮಗೆ ನಾಲ್ಕು ಲಕ್ಷ ಈಗಲೇ ಕ್ಯಾಶು" ಅಂದ. ಆ ಕೆಳಗಿನ ನಂಬರು? "ಉಜ್ಜಿ ತೆಗೀತಾರೆ."

ಹೀಗೆ ಹಾಕಿದ ಮುದ್ರೆ ಹಿಡಿಯೋದು ಅಸಾಧ್ಯ ಏನಲ್ಲ. ಹಳೇ ಮುದ್ರೆಯ ಗುಂಡಿಯೊಳಗೂ ಹೊರಗಿನ ಮೈಯಷ್ಟೇ ಹಳೆಯ ತುಕ್ಕಿರುತ್ತೆ, ಅಂಚು ಸವೆದು ದುಂಡಗಾಗಿರುತ್ತೆ. ಹೊಸದಾಗಿ ಹೊಡೆದದ್ದು ಹಳೇ ತುಕ್ಕಿನ ಗುಳಿಗಳನ್ನ ಸೀಳಿಕೊಂಡು ಹೋಗಿರುತ್ತೆ. ಲೆನ್ಸ್ ಇದ್ದರೆ ಸಾಕು. ಕಾನೂನೂ ಇದೆ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುಗಳ ವ್ಯಾಪಾರ ಮಾಡೋಕೆ ಲೈಸೆನ್ಸ್ ಬೇಕು, ಖಾಸಗಿಯವರು ಹೊರದೇಶಕ್ಕಂತೂ ಸಾಗಿಸುವಂತಿಲ್ಲ. ಇದನ್ನೆಲ್ಲ ಹೇಳಬಹುದಿತ್ತು. ಆದರೆ ನಾಲ್ಕು ಲಕ್ಷ ಅಂದಾಗ ಜಗಲಿಯಲ್ಲಿದ್ದ ಚಿಕ್ಕಪ್ಪ ತಿರುಗಿ ನೋಡಿದ ರೀತಿ ನಾನು ಕಂಡಿದ್ದೆ. ಕಾಯ್ದೆ ಸೆಕ್ಷನ್ ಹೇಳೋಕೆ ಬಾಯಿ ಬರಲಿಲ್ಲ. ಅವರ ಬಡ್ಡಿ ನಾನು ಕಟ್ಟುತ್ತಿಲ್ಲವಲ್ಲ.

ಮಾತಾಡಿದ್ದು ದೊಡ್ಡಪ್ಪ. "ಏಳು ಅಂತ ಕಾಣ್ದಂಗೆ ಬರ್ದು ಓದವ್ನೆ ಪುಣ್ಯಾತ್ಮ. ಅದ ಉಜ್ಬುಟ್ಟು ಹುಲಿ ಬರ್ಸದಾ? ಆಗಾಕಿಲ್ಲ ಓಗಪ್ಪ" ಅಂದರು. ಅಷ್ಟೇ. ಕಾಫಿ ಕುಡಿಸಿ ಕಳಿಸಿದರು.

ಆಫೀಸಿನಲ್ಲಿ ಈ ಕತೆ ಹೇಳಿದಾಗ ಒಬ್ಬ ಗೆಳೆಯ ಸುಮ್ಮನೆ ಕೇಳಿಸಿಕೊಂಡ. ಅವನ ತಾಯಿಯ ಕಡೆಯವರು ಮೇಲುಕೋಟೆಯ ಮಂಡಯಂ ಅಯ್ಯಂಗಾರರು. ಟಿಪ್ಪು ತಮ್ಮವರನ್ನ ಕೊಲ್ಲಿಸಿದ ದಿನ ಅಂತ ಅವರಲ್ಲಿ ನರಕ ಚತುರ್ದಶಿ ಆಚರಿಸೋದಿಲ್ಲ. "ಟಿಪ್ಪೂದಲ್ಲ ಅಂದಿದ್ದು ಒಳ್ಳೇದಾಯ್ತು ಬಿಡು" ಅಂದ. ಸಂಜೆ ಇನ್ನೊಬ್ಬ ಗೆಳೆಯ ಫೋನ್ ಮಾಡಿ, "ಛೇ, ಟಿಪ್ಪೂದೇ ಆಗಿದ್ದಿದ್ರೆ ಎಂಥಾ ಹೆಮ್ಮೆ ಇರ್ತಿತ್ತಲ್ಲೋ" ಅಂದ. ಇಬ್ಬರ ಮಾತೂ ನನಗೆ ಅರ್ಥವಾಯ್ತು. ಇಬ್ಬರೂ ಏಳರ ಬಗ್ಗೆ ಏನೂ ಕೇಳಲಿಲ್ಲ ಅನ್ನೋದೊಂದೇ ನನಗೆ ಕಸಿವಿಸಿ.

ಚಿಕ್ಕಪ್ಪನ ಸಾಲಕ್ಕೆ ನಾವು ಅಣ್ಣತಮ್ಮಂದಿರು ನಾಲ್ಕು ಜನ ಸೇರಿ ಸ್ವಲ್ಪ ಹೊಂದಿಸಿದ್ದೇವೆ. ಸಾಲುತ್ತೆ ಅಂತಲ್ಲ. ನಾಲ್ಕನೇ ಬೋರ್ ಕೊರೆಸಬೇಡಿ ಅಂದರೆ ಕೇಳೋರ ಹಾಗೆ ಕಾಣಲಿಲ್ಲ. ನಳಿಗೆ ದೊಡ್ಡಪ್ಪನ ಹೊಸ ಮನೆ ಗೋಡೆಗೆ ಹೋಗುತ್ತಂತೆ. ಲಾಕನ್ನ ಆಚಾರ್ರು ಎಣ್ಣೆ ಹಾಕಿ ಕೂಡಿಸಿ ಕೊಟ್ಟಿದ್ದರು, ಕರಾರಿನ ಪ್ರಕಾರ ಕೆ.ಆರ್.ಪೇಟೆಗೆ ತಲುಪಿಸಿದೆ. ಅತ್ತೆಗೆ ಮೊಬೈಲಿನಲ್ಲಿ ಒಳಗಿನ ಫೋಟೋ ತೋರಿಸಿ ವಿಷಯ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. "ಏಳು ಅಂದ್ರೆ ಇನ್ನಾರು ಇರ್ಬೇಕಲ್ಲಪ್ಪ. ಎಲ್ಲವೆ ಅವು?" ಅಂದರು.

ನಾನೂ ಅದನ್ನೇ ಕೇಳ್ತಿದ್ದೀನಿ. ನಾಗಮಂಗಲ, ಬಿಂಡಿಗನವಿಲೆ, ಕಿಕ್ಕೇರಿ, ಚಿನಕುರಳಿ ಕಡೆ ನಿಮ್ಮದೋ ನಿಮ್ಮ ನೆಂಟರದೋ ಹಳೇ ಮನೆ ಇದ್ದು, ಅಟ್ಟದ ಮೇಲೆ ಇಂಥದ್ದೇನಾದರೂ ಇದ್ದರೆ ಹೊರಗಿನ ಹುಲಿ ಸಿಂಹ ಹುಡುಕೋದು ಆಮೇಲೆ. ಮೊದಲು ನಳಿಗೆ ಮಗುಚಿ ಕೆಳಗೆ ನೋಡಿ, ಗೊತ್ತಿದ್ದವರ ಕೈಲಿ ಲಾಕ್ ಬಿಚ್ಚಿಸಿ ಒಳಗೆ ನೋಡಿ. ಒಂದರಿಂದ ಆರರ ತನಕ ಯಾವುದೇ ಕನ್ನಡ ಅಂಕಿ ಕಂಡರೂ ನನಗೊಂದು ಮಾತು ತಿಳಿಸಿ. ಎಂಟು ಕಂಡರೆ ಇನ್ನೂ ಸಂತೋಷ. ಮತ್ತೆ ಒಂದು ವಿನಂತಿ, ಹಬ್ಬ ಬಂತು ಅಂತ ಹುಣಸೆಹಣ್ಣು ಹಾಕಿ ಉಜ್ಜಬೇಡಿ.